ಕಿಕ್ಕರ್ ಗಾಡಿ, ರಾಕ್‌ಜೆನ್ ಮತ್ತು ನಾನು

ಜರ್ಮನಿಯ ಹಾಲೆ ನಗರಕ್ಕೆ ಕೆಲಸಕ್ಕೆ ಬಂದ ಮೇಲೆ ನನಗೆ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕ್‌ನಲ್ಲಿ ನಡೆಯೋ ಬೈಕ್ ರೇಸ್) ಹುಚ್ಚು ಹಿಡಿಯಿತು. ಪಕ್ಕದಲ್ಲೇ ಟಾಯ್ಚೆಂಟಾಲ್ ಟ್ರ್ಯಾಕ್. 2009ರಲ್ಲಿ ಕೆನ್ ರಾಕ್‌ಜೆನ್ ಎಂಎಕ್ಸ್2 (250 ಸಿಸಿ ವರ್ಗ) ಗ್ರ್ಯಾನ್ ಪ್ರಿ ಗೆದ್ದದ್ದು ಇಲ್ಲೇ. ಆಗ ಅವನಿಗೆ ಬರೀ 15 ವರ್ಷ! ಥುರಿಂಗಿಯಾದ ಮಾಟ್‌ಸ್ಟೆಟ್ ಅನ್ನೋ ಹಳ್ಳಿಯ ಹುಡುಗ. 2011ರಲ್ಲಿ ಕೆಟಿಎಂ ಮೇಲೆ ವಿಶ್ವ ಚಾಂಪಿಯನ್ ಆದ. ಆಮೇಲೆ ಅಮೆರಿಕಕ್ಕೆ ಹೋಗಿ 2014 ಮತ್ತು 2016ರಲ್ಲಿ ಅಲ್ಲಿನ 450 ಸಿಸಿ ಮೋಟೋಕ್ರಾಸ್ ಪಟ್ಟವನ್ನೂ ಹೊಡೆದ. ಎರಡನೆಯದು ಸುಜುಕಿಯಲ್ಲಿ.

ನನ್ನದೂ ಸುಜುಕಿ ಆರ್‌ಎಂ-ಝಡ್450, ಸೆಕೆಂಡ್ ಹ್ಯಾಂಡ್. ಸೆಲ್ಫ್ ಸ್ಟಾರ್ಟ್ ಇಲ್ಲ. ಮಿಕ್ಕವರೆಲ್ಲ ಬಟನ್ ಒತ್ತಿ ಹೊರಟರೆ ನಾನು ಕಿಕ್ಕರ್ ತುಳಿಯುತ್ತಾ ನಿಂತಿರುತ್ತೇನೆ. ಅದಕ್ಕೂ ಒಂದು ವರಸೆ ಇದೆ. ನ್ಯೂಟ್ರಲ್‌ಗೆ ಹಾಕಿ ಕಿಕ್ಕರನ್ನು ಮೆಲ್ಲಗೆ ಒತ್ತಬೇಕು. ಒಂದು ಕಡೆ ಬಿಗಿಯಾಗುತ್ತದೆ. ಅದನ್ನು ಚೂರೇ ಚೂರು ದಾಟಿಸಿ, ಕಿಕ್ಕರನ್ನು ಮೇಲಕ್ಕೆ ಬಿಟ್ಟು, ಕೊನೆ ತನಕ ಒಂದೇ ಏಟಿಗೆ ತುಳಿಯಬೇಕು. ಆಕ್ಸಿಲರೇಟರ್ ಮುಟ್ಟಲೇಬಾರದು. ಸಿಟ್ಟಲ್ಲಿ ಸುಮ್ನೆ ಅರ್ಧರ್ಧ ಒದ್ದರೆ ಕಾಲು ನೋವೇ ಹೊರತು ಇಂಜಿನ್ ಏಳಲ್ಲ.

2023ರಲ್ಲಿ ರಾಕ್‌ಜೆನ್ ಮತ್ತೆ ಸುಜುಕಿಗೆ ಬಂದ. ಅದೇ ಕಿಕ್ಕರ್ ಗಾಡಿ! ಇಂಡಿಯಾನಾಪೊಲಿಸ್ ಸೂಪರ್‌ಕ್ರಾಸ್ (ಸ್ಟೇಡಿಯಂ ಒಳಗೆ ನಡೆಯೋ ಮೋಟೋಕ್ರಾಸ್) ಗೆದ್ದೂಬಿಟ್ಟ. ಬಿದ್ದು ಇಂಜಿನ್ ಆಫ್ ಆದರೆ ಅವನೂ ಒದೆಯಲೇಬೇಕು, ಅಲ್ವಾ? ಅವನ ವಿಡಿಯೋಗಳನ್ನು ನಿಧಾನಕ್ಕೆ ಓಡಿಸಿ ನೋಡಿದೆ. ಹಾರೋದು ಬಿಡಿ, ಅದು ನಮ್ಮಂಥವರಿಗಲ್ಲ. ತಿರುವು ನೋಡಬೇಕು. ಗಾಡಿ ಒದ್ದಾಡಲ್ಲ, ಹಿಂದಿನ ಚಕ್ರ ಸುಮ್ನೆ ಮಣ್ಣು ಎರಚಲ್ಲ. ನಾನೂ ತಿರುವಿಗೆ ಎರಡರ ಬದಲು ಮೂರನೇ ಗೇರ್ ಇಟ್ಟುಕೊಂಡೆ. ಒಂದು ಬೆರಳು ಸದಾ ಕ್ಲಚ್ ಮೇಲೆ. ಆರ್‌ಪಿಎಂ ಬಿದ್ದಾಗ ಕ್ಲಚ್ ಚೂರು ಒತ್ತಿ ಬಿಟ್ಟರೆ ಸಾಕು. ಇಂಜಿನ್ ಆಫ್ ಆಗೋದೂ ಕಡಿಮೆಯಾಯಿತು, ಮುಂಗೈ ಬಿಗಿದುಕೊಳ್ಳೋದೂ ಕಡಿಮೆಯಾಯಿತು.

ನನ್ನ ಮಣಿಕಟ್ಟು ಮುರಿದಾಗ ಓದಿಕೊಂಡಿದ್ದೂ ಅವನ ಕಥೆಯನ್ನೇ. 2017ರ ಸೂಪರ್‌ಕ್ರಾಸ್ ಸೀಸನ್ನಿನ ಮೊದಲೆರಡು ರೇಸ್ ಗೆದ್ದು, ಆನಹೈಮ್‌ನಲ್ಲಿ ಬಿದ್ದ. ಎಡಗೈಗೆ 11 ಸರ್ಜರಿ. ಮರುವರ್ಷ ಬಲಗೈಗೆ ಪೆಟ್ಟಾಯಿತು. ಮತ್ತೆ ಸೂಪರ್‌ಕ್ರಾಸ್ ಗೆದ್ದದ್ದು 2020ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ನನ್ನದು ಅದರ ಮುಂದೆ ಏನೂ ಅಲ್ಲ. ಆದರೂ ಪಟ್ಟಿ ಬಿಚ್ಚಿದ ತಕ್ಷಣ ಟ್ರ್ಯಾಕ್‌ಗೆ ಓಡಲಿಲ್ಲ. ಫಿಸಿಯೋ ಹೇಳಿದ ಹಾಗೆ ಮೆತ್ತನೆ ಚೆಂಡು ಹಿಚುಕಿದೆ. ಕ್ಲಚ್ ಲಿವರನ್ನು ನೋವಿಲ್ಲದೆ ಒತ್ತಲು ಬಂದ ಮೇಲೇ ಗಾಡಿ ಹತ್ತಿದೆ. ಈಗ ತಿರುವುಗಳಲ್ಲಿ ಮೊದಲಿನ ವೇಗ ಬಂದಿದೆ. ಟೇಬಲ್‌ಟಾಪ್ (ಮೇಲ್ಭಾಗ ಚಪ್ಪಟೆ ಇರೋ ದಿಬ್ಬ) ಮಾತ್ರ ಇನ್ನೂ ಹಾರುತ್ತಿಲ್ಲ, ಗಾಡಿಯನ್ನು ನೆಲಕ್ಕೆ ಅಂಟಿಸಿಕೊಂಡೇ ದಾಟಿಸುತ್ತೇನೆ.