ಕಪ್ಪು ಕಾರಿನ ಮೈಮೇಲಿನ ಪ್ರತಿಬಿಂಬಗಳನ್ನು ಹಿಡಿತಕ್ಕೆ ತಂದ ಬಗೆ: ನನ್ನ ಅನುಭವ

ಕಪ್ಪು ಬಣ್ಣದ ಐಷಾರಾಮಿ ಕಾರೊಂದನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿಯಲು ಹೊರಟಾಗ ಎದುರಾದ ತೊಡಕು ಒಂದೇ: ಹೊಳೆಯುವ ಅದರ ಮೈಮೇಲೆ ಆಕಾಶ, ಗೋಡೆ, ಟ್ರೈಪಾಡ್, ಕೊನೆಗೆ ನನ್ನದೇ ಆಕೃತಿ ಸಹ ಮೂಡುತ್ತಿದ್ದವು, ಬಣ್ಣವಿಲ್ಲದ ಚಿತ್ರದಲ್ಲಿ ಕಾರಿನ ಅಂಚು ಯಾವುದು, ಪ್ರತಿಬಿಂಬದ ಅಂಚು ಯಾವುದು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಮಸೂರದ ಮುಂದೆ ಹಾಕಿ ಪ್ರತಿಫಲನವನ್ನು ತಗ್ಗಿಸುವ ಪೋಲರೈಸರ್ ಫಿಲ್ಟರ್ ಅರ್ಧ ಕೆಲಸ ಮಾಡಿತು. ಬಣ್ಣದ ಮೇಲಿನ ಪಾರದರ್ಶಕ ಲೇಪದಿಂದ, ಆ ಮೇಲ್ಮೈಗೆ ಎಳೆದ ಲಂಬದಿಂದ ಅಳೆದರೆ ಸುಮಾರು 55 ಡಿಗ್ರಿ ಕೋನದಲ್ಲಿ ಚಿಮ್ಮುವ ಬೆಳಕನ್ನು ಅದು ಚೆನ್ನಾಗಿ ತಡೆಯುತ್ತದೆಯಾದರೂ, ಬಾನೆಟ್‌ನ ಬಾಗು ಬದಲಾದಂತೆ ಕೋನವೂ ಬದಲಾಗುವುದರಿಂದ ಒಂದು ಕಡೆ ಅಳಿದದ್ದು ಇನ್ನೊಂದು ಕಡೆ ಉಳಿಯುತ್ತದೆ. ಕ್ರೋಮ್ ಪಟ್ಟಿಗಳ ಮೇಲಂತೂ ಅದರ ಆಟ ನಡೆಯುವುದಿಲ್ಲ.

ಆದ್ದರಿಂದ ಪ್ರತಿಬಿಂಬವನ್ನು ಅಳಿಸುವ ಬದಲು ನನಗೆ ಬೇಕಾದ ಒಂದನ್ನಷ್ಟೇ ಮೂಡಿಸಲು ನಿರ್ಧರಿಸಿ, ದೀಪಗಳನ್ನೆಲ್ಲ ಆರಿಸಿದ ಒಳಾಂಗಣದಲ್ಲಿ ಕ್ಯಾಮೆರಾವನ್ನು ಐಎಸ್‌ಒ 100 (ಬೆಳಕಿಗೆ ಕಡಿಮೆ ಸಂವೇದನೆ), ಎಫ್ 11ಕ್ಕೆ (ಮಸೂರದ ಕಿರಿದಾದ ಕಿಂಡಿ) ಹೊಂದಿಸಿ, 30 ಸೆಕೆಂಡು ಶಟರ್ ತೆರೆದಿಟ್ಟು, ಉದ್ದನೆಯ ಎಲ್‌ಇಡಿ ಕೊಳವೆಯೊಂದನ್ನು ಚೌಕಟ್ಟಿಗೆ ಬೀಳದ ಎತ್ತರದಲ್ಲಿ, ಕಾರಿನ ಚಾವಣಿಯ ರೇಖೆಗೆ ಸಮಾನಾಂತರವಾಗಿ ಹಿಡಿದು ಒಂದೇ ವೇಗದಲ್ಲಿ ನಡೆದೆ. ಕೈ ಸ್ವಲ್ಪ ನಡುಗಿದರೂ ಬೆಳಕಿನ ಗೆರೆ ಅಲೆಅಲೆಯಾಗಿ, ಬಾಗಿಲಿನ ತಗಡೇ ನೆಗ್ಗಿದಂತೆ ಕಾಣುತ್ತದೆ. ಕಪ್ಪು ಉಡುಪು ಧರಿಸಿ ಚಲಿಸುತ್ತಲೇ ಇದ್ದುದರಿಂದ ನಾನು ಚಿತ್ರದಲ್ಲಿ ದಾಖಲಾಗಲಿಲ್ಲ. ಬಾನೆಟ್, ಪಕ್ಕ, ಚಕ್ರ ಇವುಗಳಿಗೆ ಬೇರೆ ಬೇರೆಯಾಗಿ ಬೆಳಕು ಹಾಯಿಸಿ ತೆಗೆದ ಚಿತ್ರಗಳನ್ನು ಫೋಟೋಶಾಪ್‌ನಲ್ಲಿ ಪದರಗಳಾಗಿ ಜೋಡಿಸಿ 'ಲೈಟನ್' ವಿಧಾನಕ್ಕೆ ಬದಲಿಸಿದಾಗ, ಪ್ರತಿ ಬಿಂದುವಿನಲ್ಲೂ ಹೆಚ್ಚು ಬೆಳಗಿದ ಭಾಗ ಮಾತ್ರ ಉಳಿಯಿತು. ಗ್ರಿಲ್‌ನ ಕ್ರೋಮ್ ಮಾತ್ರ ವಿವರವೇ ಉಳಿಯದಷ್ಟು ಬೆಳ್ಳಗಾಗುತ್ತಿದ್ದುದರಿಂದ, ಅದಕ್ಕೆ ದೀಪವನ್ನು ನೇರವಾಗಿ ಹಿಡಿಯದೆ, ಬಿಳಿ ಬಟ್ಟೆಯ ಮೇಲೆ ಬೀಳಿಸಿ ಅಲ್ಲಿಂದ ಚದುರಿದ ಬೆಳಕನ್ನಷ್ಟೇ ಬಳಸಿದೆ.