ಚಾಕು ಯಾರ ಕೈಗೆ? ಸರ್ಜರಿ ವಿಭಾಗದಲ್ಲಿ ಸಮಾನತೆ ತರಲು ನಾನು ಮಾಡಿದ್ದು

ನಾನು ಜನರಲ್ ಸರ್ಜನ್. ಬೋಧನಾ ಆಸ್ಪತ್ರೆಯೊಂದರ ಸರ್ಜರಿ ವಿಭಾಗದ ಜವಾಬ್ದಾರಿ ನನ್ನ ಕೈಗೆ ಬಂದಾಗ ಸಿಕ್ಕಿದವರೆಲ್ಲ ಒಂದೇ ಮಾತು ಹೇಳಿದರು: "ಇನ್ನು ಹೆಣ್ಣುಮಕ್ಕಳಿಗೆ ಒಳ್ಳೇದಾಗುತ್ತೆ ಬಿಡಿ." ಮೇಲೆ ಒಬ್ಬಳು ಹೆಂಗಸು ಕೂತರೆ ಕೆಳಗಿನದ್ದೆಲ್ಲ ತಾನಾಗಿ ಸರಿಹೋಗುತ್ತದೆ ಅನ್ನುವ ನಂಬಿಕೆ ಅದು. ಹಾಗೇನೂ ಆಗುವುದಿಲ್ಲ. ಥಿಯೇಟರ್‌ನಲ್ಲಿ ಚಾಕು ಯಾರ ಕೈಗೆ ಹೋಗಬೇಕು ಅಂತ ತೀರ್ಮಾನಿಸುವುದು ವಿಭಾಗದ ಮುಖ್ಯಸ್ಥರಲ್ಲ, ರೂಢಿ.

ನಾನು ಮೊದಲು ಮಾಡಿದ ಕೆಲಸ ಲಾಗ್‌ಬುಕ್ ತೆರೆದು ಕೂತಿದ್ದು. ಸರ್ಜರಿ ಕಲಿಯುತ್ತಿರುವ ಪ್ರತಿ ರೆಸಿಡೆಂಟ್ ಡಾಕ್ಟರ್ ತಾನು ನಿಂತ ಆಪರೇಷನ್‌ಗಳನ್ನೆಲ್ಲ ಅದರಲ್ಲಿ ಬರೆಯುತ್ತಾರೆ. ಒಟ್ಟು ಕೇಸ್‌ಗಳನ್ನು ಮಾತ್ರ ನೋಡಿದರೆ ಹುಡುಗರು, ಹುಡುಗಿಯರು ಸರಿಸಮ. ಆದರೆ "ಮಾಡಿದ್ದು" ಮತ್ತು "ಸಹಾಯ ಮಾಡಿದ್ದು" ಬೇರೆ ಬೇರೆ ಎಣಿಸಿದಾಗ ಚಿತ್ರವೇ ಬದಲಾಯಿತು. ಪಿತ್ತಕೋಶದ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಹುಡುಗಿಯರು ಜಾಸ್ತಿ ಕ್ಯಾಮೆರಾ ಹಿಡಿದಿದ್ದರು. ಹುಡುಗರು ಕ್ಲಿಪ್ ಹಾಕಿದ್ದರು, ಅಂದರೆ ಆಪರೇಷನ್ ಮಾಡಿದ್ದರು.

ಕನ್ಸಲ್ಟೆಂಟ್‌ಗಳನ್ನು, ಅಂದರೆ ಹಿರಿಯ ಸರ್ಜನ್‌ಗಳನ್ನು, ಒಬ್ಬೊಬ್ಬರಾಗಿ ಕೇಳಿದೆ. ಯಾರೂ ಬೇಕೆಂದೇ ಹೀಗೆ ಮಾಡಿರಲಿಲ್ಲ, ಅದು ನನಗೂ ಗೊತ್ತು. "ಅವನು ಕೇಳಿದ, ಕೊಟ್ಟೆ." "ಅವಳಿಗೆ ಸುಸ್ತಾಗಿದೆ ಅನ್ನಿಸಿತು." ಸುಸ್ತಾಗಿದೆಯಾ ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಹೆಣ್ಣು ಕನ್ಸಲ್ಟೆಂಟ್‌ಗಳೂ ಇದೇ ಉತ್ತರ ಕೊಟ್ಟರು ಅನ್ನುವುದನ್ನು ಇಲ್ಲಿ ಹೇಳಲೇಬೇಕು.

ಭಾಷಣ, ತರಬೇತಿ ಶಿಬಿರ ಯಾವುದನ್ನೂ ಇಡಲಿಲ್ಲ. ಪಟ್ಟಿಯನ್ನು ಬದಲಾಯಿಸಿದೆ. ಮರುದಿನದ ಆಪರೇಷನ್ ಪಟ್ಟಿ ಹಿಂದಿನ ಸಂಜೆಯೇ ಸಿದ್ಧವಾಗುತ್ತದೆ. ಅದರಲ್ಲಿ ಪ್ರತಿ ಕೇಸ್‌ನ ಪಕ್ಕ ಯಾವ ಹಂತವನ್ನು ಯಾರು ಮಾಡುತ್ತಾರೆ ಅಂತ ಹೆಸರು ಬರೆಯಲು ಶುರು ಮಾಡಿದೆವು. ಪಿತ್ತಕೋಶವಾದರೆ ಪೋರ್ಟ್ (ಉಪಕರಣ ತೂರಿಸುವ ಕೊಳವೆ) ಹಾಕುವುದು, ಕ್ಯಾಲೋಟ್ ತ್ರಿಕೋಣವನ್ನು (ಪಿತ್ತಕೋಶದ ನಾಳ, ರಕ್ತನಾಳ ಇರುವ ಜಾಗ) ಬಿಡಿಸುವುದು, ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸುವುದು, ಯಕೃತ್ತಿನಿಂದ ಬೇರ್ಪಡಿಸುವುದು. ಹೆಸರುಗಳು ಸರದಿ ಪ್ರಕಾರ ಬರುತ್ತವೆ. ಟೇಬಲ್ ಮುಂದೆ ಬದಲಾಯಿಸಬೇಕಾದರೆ ಕನ್ಸಲ್ಟೆಂಟ್ ಧಾರಾಳವಾಗಿ ಬದಲಾಯಿಸಬಹುದು, ಆದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು.

ಆ ಒಂದು ಸಾಲಿಗೇ ಜಗಳವಾಯಿತು. ಹಿರಿಯರೊಬ್ಬರು, "ಯಾರಿಗೆ ಎಷ್ಟು ಬಿಡಬೇಕು ಅನ್ನೋದು ಟೇಬಲ್ ಮುಂದೆ ನಿಂತವನಿಗೆ ಗೊತ್ತಾಗುತ್ತೆ, ಕಾಗದಕ್ಕಲ್ಲ" ಅಂದರು. ಅವರ ಮಾತಿನಲ್ಲಿ ನಿಜ ಇದೆ. ಊತ, ಅಂಟು (ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುವುದು), ರಕ್ತಸ್ರಾವ ಇದ್ದಾಗ ಕಲಿಯುವವರ ಸರದಿಗಿಂತ ರೋಗಿ ಮುಖ್ಯ. ಅದಕ್ಕೇ ಬದಲಾಯಿಸುವ ಹಕ್ಕನ್ನು ಮುಟ್ಟಲಿಲ್ಲ. ಆದರೆ "ಅಂಟು ಜಾಸ್ತಿ ಇತ್ತು" ಅಂತ ಬರೆಯುವುದು ಸುಲಭ, "ಅವಳಿಗೆ ಸುಸ್ತಾಗಿರಬಹುದು" ಅಂತ ಬರೆಯಲು ಪೆನ್ನು ಓಡುವುದಿಲ್ಲ, ಅಲ್ವಾ? ಕೆಲವೇ ತಿಂಗಳಲ್ಲಿ ಲಾಗ್‌ಬುಕ್‌ನಲ್ಲಿ ವ್ಯತ್ಯಾಸ ಕಾಣಿಸಿತು. ನಾನು ನಿರೀಕ್ಷಿಸದ ಇನ್ನೊಂದೂ ಆಯಿತು. ಬಾಯಿ ಬಿಟ್ಟು ಕೇಳದ, ಸುಮ್ಮನಿರುವ ಹುಡುಗರಿಗೂ ಕೇಸ್ ಸಿಗತೊಡಗಿತು.

ಈ ಹೊತ್ತಿಗೆ ಇನ್ನೊಂದು ವಾದ ಬಂತು: "ಈಗೆಲ್ಲಿದೆ ತಾರತಮ್ಯ? ಮೆಡಿಕಲ್ ಕ್ಲಾಸ್ ತುಂಬಾ ಹುಡುಗಿಯರೇ." ಕ್ಲಾಸ್ ತುಂಬಿದ್ದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಪ್ರಕಾರ ಪ್ರಪಂಚದ ಆರೋಗ್ಯ ಮತ್ತು ಸಾಮಾಜಿಕ ಸೇವಾ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಸುಮಾರು 70% ಹೆಂಗಸರು. ಹಿರಿಯ ಹುದ್ದೆಗಳಲ್ಲಿ ಅವರು 25% ಮಾತ್ರ. ಅದೇ ಸಂಸ್ಥೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಜೊತೆ 2022ರಲ್ಲಿ ಮಾಡಿದ ಲೆಕ್ಕದಲ್ಲಿ, ವಯಸ್ಸು, ಓದು, ಕೆಲಸದ ಸಮಯ ಎಲ್ಲವನ್ನೂ ಪರಿಗಣಿಸಿದ ಮೇಲೂ ಈ ಕ್ಷೇತ್ರದಲ್ಲಿ ಗಂಡಸರಿಗೂ ಹೆಂಗಸರಿಗೂ ಸಂಬಳದ ಅಂತರ ಸುಮಾರು 24% ಇತ್ತು. ಇನ್ನು ಹೆಂಗಸರಿಗೆ ಯೋಗ್ಯತೆ ಕಡಿಮೆ ಅನ್ನುವ ಮಾತು. ಎಸ್ಟೋನಿಯಾ, ಲಾಟ್ವಿಯಾಗಳಲ್ಲಿ ಡಾಕ್ಟರ್‌ಗಳ ಪೈಕಿ 70%ಕ್ಕೂ ಜಾಸ್ತಿ ಹೆಂಗಸರು, ಜಪಾನಿನಲ್ಲಿ ಕಾಲು ಭಾಗವೂ ಇಲ್ಲ. ದೇಶದ ಗಡಿ ದಾಟಿದ ಕೂಡಲೇ ಯೋಗ್ಯತೆ ಬದಲಾಗುತ್ತದಾ? ಟೋಕಿಯೋ ಮೆಡಿಕಲ್ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಯರ ಅಂಕವನ್ನು ವರ್ಷಗಟ್ಟಲೆ ಕಡಿಮೆ ಮಾಡುತ್ತಿತ್ತು ಅನ್ನುವುದು 2018ರಲ್ಲಿ ಬಯಲಾಯಿತು. ಮುಂದೆ ಕೆಲಸ ಬಿಡುತ್ತಾರೆ ಅನ್ನುವುದು ಅದರ ಹಿಂದಿದ್ದ ಯೋಚನೆ.

ವಾದ ಬಿಟ್ಟು ಉಪಕರಣಕ್ಕೆ ಬರುತ್ತೇನೆ. ಅಲ್ಲಿ ಕೆಲಸ ಬೇಗ ಆಯಿತು. ಅಂಗಾಂಶವನ್ನು ಪಿನ್ ಹಾಕಿ ಮುಚ್ಚುವ ಲ್ಯಾಪರೋಸ್ಕೋಪಿ ಸ್ಟೇಪ್ಲರ್‌ನ ಹಿಡಿಕೆ ದೊಡ್ಡ ಅಂಗೈಗೆ ಹೊಂದುವಂಥದ್ದು. 6ನೇ ಸೈಜ್ ಗ್ಲೌಸ್ ಹಾಕುವವರು ಅದನ್ನು ಒತ್ತಲು ಎರಡೂ ಕೈ ಬಳಸುತ್ತಾರೆ, ನೋಡಿದವರು "ಕೈಯಲ್ಲಿ ಶಕ್ತಿ ಇಲ್ಲ" ಅನ್ನುತ್ತಾರೆ. ಬ್ಯಾಟರಿಯಿಂದ ನಡೆಯುವ ಸ್ಟೇಪ್ಲರ್ ತರಿಸಿದೆವು. ಎಕ್ಸ್‌ರೇ ತಡೆಯಲು ಹಾಕುವ ಸೀಸದ ಏಪ್ರನ್ ವಿಷಯ ಇನ್ನೂ ಗಂಭೀರ. ದೊಡ್ಡ ಸೈಜಿನ ಏಪ್ರನ್ ಸಣ್ಣ ಮೈಯವರಿಗೆ ಕಂಕುಳ ಹತ್ತಿರ ಬಾಯಿ ತೆರೆದುಕೊಳ್ಳುತ್ತದೆ. ಸ್ತನದ ಮೇಲಿನ ಹೊರಭಾಗ ಎಕ್ಸ್‌ರೇಗೆ ಒಡ್ಡಿಕೊಳ್ಳುವುದು ಅಲ್ಲೇ. ಸ್ತನ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವ ಜಾಗವೂ ಅದೇ. ಸಣ್ಣ ಸೈಜಿನ ಏಪ್ರನ್, ಕಂಕುಳ ಮುಚ್ಚುವ ಪಟ್ಟಿ ತರಿಸಿದ್ದಕ್ಕೆ ಒಬ್ಬರೂ ತಕರಾರು ಮಾಡಲಿಲ್ಲ. ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಕಷ್ಟವಾಗಿದ್ದು ಗರ್ಭಿಣಿಯರ ವಿಷಯ. ಮೊದಲು ಏನಾಗುತ್ತಿತ್ತು ಅಂದರೆ, ಸುದ್ದಿ ತಿಳಿದ ಕೂಡಲೇ ಅವಳ ಹೆಸರು ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗುತ್ತಿತ್ತು. ಅವಳ ಒಳ್ಳೇದಕ್ಕೇ ಅಂತೆ. ಈಗ ಅವಳನ್ನೇ ಕೂರಿಸಿಕೊಂಡು ಕೇಳುತ್ತೇವೆ. ಎಕ್ಸ್‌ರೇ ಬಳಸುವ ಕೇಸ್‌ಗೆ ಅಂತಾರಾಷ್ಟ್ರೀಯ ಮಿತಿ ಇದೆ: ಗರ್ಭಿಣಿ ಅಂತ ತಿಳಿಸಿದ ಮೇಲೆ ಉಳಿದ ಅವಧಿಗೆಲ್ಲ ಸೇರಿ ಭ್ರೂಣಕ್ಕೆ 1 ಮಿಲಿಸೀವರ್ಟ್ (ವಿಕಿರಣದ ಅಳತೆ). ಏಪ್ರನ್ ಒಳಗೆ ಹೊಟ್ಟೆಯ ಮಟ್ಟದಲ್ಲಿ ವಿಕಿರಣ ಅಳೆಯುವ ಎರಡನೇ ಬ್ಯಾಡ್ಜ್ ಹಾಕಿದರೆ ಲೆಕ್ಕ ಕಣ್ಣೆದುರೇ ಇರುತ್ತದೆ. ಅದನ್ನು ನೋಡಿ ಅವಳೇ ತೀರ್ಮಾನ ಮಾಡಲಿ. ಕೆಲವರು ಎಕ್ಸ್‌ರೇ ಕೇಸ್ ಬೇಡ ಅಂದರು, ಕೆಲವರು ಮುಂದುವರಿಸಿದರು.

ರಜೆಯ ಪ್ರಶ್ನೆ ಅಸಲಿಗೆ ದುಡ್ಡಿನ ಪ್ರಶ್ನೆ. ಒಬ್ಬಳು ಹೆರಿಗೆ ರಜೆಗೆ ಹೋದಾಗ ಅವಳ ರಾತ್ರಿ ಡ್ಯೂಟಿಯನ್ನು ಉಳಿದವರ ತಲೆಗೆ ಕಟ್ಟಿದರೆ ಸಿಟ್ಟು ಆಡಳಿತದ ಮೇಲೆ ಹೋಗುವುದಿಲ್ಲ, ಅವಳ ಮೇಲೆ ಬರುತ್ತದೆ. ಬದಲಿ ಡಾಕ್ಟರ್‌ಗೆ ಹಣ ಮೊದಲೇ ತೆಗೆದಿಡಬೇಕು ಅಂತ ಬಜೆಟ್ ಸಭೆಯಲ್ಲಿ ಪಟ್ಟು ಹಿಡಿದೆ. ಪೂರ್ತಿ ಸಿಗಲಿಲ್ಲ, ಅರ್ಧ ಸಿಕ್ಕಿತು. ಅಪ್ಪಂದಿರಿಗೂ ರಜೆಯ ಅರ್ಜಿ ಕೊಟ್ಟೆವು. ಸ್ವೀಡನ್ 1974ರಲ್ಲೇ ತಾಯಿ-ತಂದೆ ಹಂಚಿಕೊಳ್ಳುವ ರಜೆ ತಂದಿತ್ತು, ನಮ್ಮ ಹುಡುಗರು ಇನ್ನೂ ಹಿಂಜರಿಯುತ್ತಿದ್ದರು. ಕನ್ಸಲ್ಟೆಂಟ್ ಒಬ್ಬರು ಸ್ವತಃ ರಜೆ ಹಾಕಿದ ಮೇಲೆ ಅರ್ಜಿಗಳು ಬರತೊಡಗಿದವು.

ಕೊನೆಗೆ ಕೈಹಾಕಿದ್ದು ರೆಫರಲ್‌ಗೆ, ಅಂದರೆ ಬೇರೆ ಡಾಕ್ಟರ್‌ಗಳು ರೋಗಿಯನ್ನು ಸರ್ಜನ್ ಬಳಿ ಕಳಿಸುವುದಕ್ಕೆ. ಮುಖ್ಯವಾಗಿ ವಯಸ್ಸಾದವರಿಗಿರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ದಾಖಲೆಗಳನ್ನು ಅರ್ಥಶಾಸ್ತ್ರಜ್ಞೆ ಹೆದರ್ ಸಾರ್ಸನ್ಸ್ ಪರಿಶೀಲಿಸಿದಾಗ, ರೋಗಿ ಸತ್ತ ನಂತರ ಗಂಡು ಸರ್ಜನ್‌ಗಿಂತ ಹೆಣ್ಣು ಸರ್ಜನ್‌ಗೆ ಬರುವ ರೆಫರಲ್ ಹೆಚ್ಚು ಕುಸಿಯುತ್ತದೆ ಅನ್ನುವುದು ಕಂಡಿತು. ಅಷ್ಟೇ ಅಲ್ಲ, ಅದೇ ಬಗೆಯ ಸರ್ಜರಿ ಮಾಡುವ ಬೇರೆ ಹೆಣ್ಣು ಸರ್ಜನ್‌ಗಳಿಗೂ ಹೊಸ ರೆಫರಲ್ ಕಡಿಮೆಯಾಗುತ್ತದೆ. ಒಬ್ಬಳ ಕೇಸ್ ಕೆಟ್ಟರೆ ದಂಡ ಎಲ್ಲರಿಗೂ! ನಮ್ಮಲ್ಲಿ ಹರ್ನಿಯಾ, ಪಿತ್ತಕೋಶದಂಥ ಸಾಮಾನ್ಯ ಕೇಸ್‌ಗಳು ಈಗ ಹೆಸರು ಹಿಡಿದು ಬರುವುದಿಲ್ಲ, ವಿಭಾಗಕ್ಕೆ ಬರುತ್ತವೆ. ಯಾರು ಮೊದಲು ಬಿಡುವಾಗಿದ್ದಾರೋ ಅವರಿಗೆ ಹೋಗುತ್ತವೆ. ರೋಗಿ ತಾನೇ ಒಬ್ಬರನ್ನು ಕೇಳಿದರೆ ಅದು ಬೇರೆ ಮಾತು. ಕಾಯುವ ಸಮಯವೂ ಕಡಿಮೆಯಾಯಿತು. ಆಡಳಿತದವರು ಒಪ್ಪಿದ್ದು ಮುಖ್ಯವಾಗಿ ಇದಕ್ಕೇ ಅಂತ ನನ್ನ ಗುಮಾನಿ.

ಹಂತಹಂತಕ್ಕೆ ಹೆಸರು ಬರೆಯುವ ಪದ್ಧತಿ ದೊಡ್ಡ ಕ್ಯಾನ್ಸರ್ ಆಪರೇಷನ್‌ಗಳಿಗೆ ಇನ್ನೂ ಮುಟ್ಟಿಲ್ಲ. ಮೇದೋಜ್ಜೀರಕ, ಅನ್ನನಾಳದ ಕೇಸ್‌ಗಳಿಗೆ ಇಂದಿಗೂ ಹಿರಿಯರು ತಮಗೆ ಬೇಕಾದ ಕಿರಿಯರನ್ನು ಫೋನ್ ಮಾಡಿ ಕರೆದುಕೊಳ್ಳುತ್ತಾರೆ. ಆ ಕರೆಗಳು ಯಾವ ಲಾಗ್‌ಬುಕ್‌ನಲ್ಲೂ ಇಲ್ಲ. ಮುಂದಿನ ಸಭೆಗೆ ಆ ಕೇಸ್‌ಗಳ ಪಟ್ಟಿಯನ್ನೂ ಹಿಂದಿನ ಸಂಜೆಯೇ ಬರೆಯಬೇಕು ಅನ್ನುವ ಪ್ರಸ್ತಾಪ ಇಟ್ಟಿದ್ದೇನೆ. ಈ ಸಲ ಜಗಳ ಜೋರಾಗಿಯೇ ಇರುತ್ತದೆ.