ಬೆಕ್ಕು ನೆಕ್ಕಿ ನೆಕ್ಕಿ ಕೂದ್ಲು ಕಳ್ಕೊಳ್ತಿದ್ರೆ ಏನ್ ಮಾಡ್ಬೇಕು

ಹೊಟ್ಟೆ, ತೊಡೆ ಒಳಗಡೆ ಬೋಳಾಗೋ ತನಕ ಬೆಕ್ಕು ನೆಕ್ಕೊಳ್ತಿದ್ರೆ ಮೊದ್ಲು ಬೈಯೋದು ನಿಲ್ಸಿ, ಬೈದ್ರೆ ಟೆನ್ಷನ್ ಜಾಸ್ತಿಯಾಗಿ ಇನ್ನೂ ನೆಕ್ಕುತ್ತೆ. ಸ್ಟ್ರೆಸ್ಸೇ ಅಂತ ನೀವೇ ಡಿಸೈಡ್ ಮಾಡ್ಬೇಡಿ, ಎಷ್ಟೋ ಸಲ ಅದು ಚಿಗಟ, ಅಲರ್ಜಿ ಇಲ್ಲಾ ಮೂತ್ರಕೋಶದ ನೋವಾಗಿರುತ್ತೆ, ಹಂಗಾಗಿ ತುಮಕೂರಲ್ಲಿರೋರು ಪಶು ಆಸ್ಪತ್ರೇಲಿ ಒಂದ್ಸಲ ತೋರಿಸ್ಲೇಬೇಕು. ನಾಯಿಗೆ ಹಾಕೋ ಚಿಗಟದ ಔಷಧಿ ಮಾತ್ರ ಬೇಡ, ಅದ್ರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ರೆ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಡಾಕ್ಟ್ರು ಬೇರೇನಿಲ್ಲ ಅಂದ್ಮೇಲೆ ಮನೇಲಿ ಏನ್ ಬದಲಾಯ್ತು ನೋಡಿ, ಗೌರಿ ಹಬ್ಬಕ್ಕೆ ಸುಣ್ಣಬಣ್ಣ ಹೊಡ್ಸಿದ್ರಾ, ನೆಂಟ್ರು ಬಂದು ಉಳ್ಕೊಂಡ್ರಾ, ಬಿ.ಎಚ್. ರೋಡ್ ಗಲಾಟೆ ಕೇಳೋ ಕಡೆ ಮನೆ ಶಿಫ್ಟ್ ಮಾಡಿದ್ರಾ, ಕಿಟಕಿ ಹತ್ರ ಬೀದಿ ಬೆಕ್ಕು ಬಂದು ಕೂರುತ್ತಾ. ಬೀರು ಮೇಲೋ ಅಟ್ಟದಲ್ಲೋ ಯಾರೂ ಮುಟ್ಟದ ಒಂದು ಜಾಗ ಬಿಟ್ಕೊಡಿ, ನನ್ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಊಟ ದಿನಾ ಅದೇ ಟೈಮಿಗೆ. ದಿನಕ್ಕೆ 2 ಸಲ 10 ನಿಮಿಷ ದಾರಕ್ಕೆ ಗರಿ ಕಟ್ಟಿ ಆಡ್ಸಿ, ಆಮೇಲೆ ದಾರ ಎತ್ತಿಡಿ, ನುಂಗಿದ್ರೆ ಕಷ್ಟ. 2 ಬೆಕ್ಕಿದ್ರೆ ಕಕ್ಕಸಿನ ಟ್ರೇ 3 ಇರ್ಲಿ.

ಕೂದ್ಲು ವಾಪಸ್ ಬರೋಕೆ ತಿಂಗಳುಗಳೇ ಹಿಡೀಬಹುದು. ಗಾಯ ಆದ್ರೆ ಅಥವಾ ಉಚ್ಚೆ ಹೊಯ್ಯೋಕೆ ಒದ್ದಾಡಿದ್ರೆ ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡೋಗಿ.